ರಜೆಯಾಗುವ ಮೊದಲಿನ ಇಪ್ಪತ್ತು ವರ್ಷ: ಶಿವಪುರದಿಂದ ನೋಡಿದ ಜನವರಿ 26

ಮುಂದಿನ ವರ್ಷದ ಸರ್ಕಾರಿ ರಜೆ ಪಟ್ಟಿ ಹೊರಬಿದ್ದ ಕೂಡಲೇ ಕಚೇರಿಗಳಲ್ಲಿ ಮೊದಲು ನಡೆಯುವ ಲೆಕ್ಕ ಒಂದೇ: ಎಷ್ಟು ರಜೆ ಭಾನುವಾರಕ್ಕೆ ಬಿದ್ದು ಹೋಯಿತು? ಜನವರಿ 26 ಭಾನುವಾರ ಬಂದರೆ ಅದನ್ನೂ ನಷ್ಟದ ಲೆಕ್ಕಕ್ಕೇ ಬರೆದುಕೊಳ್ಳುತ್ತೇವೆ. ಆದರೆ ಈ ದಿನ ಸ್ವಾತಂತ್ರ್ಯ ದಿನವೆಂದು ಆಚರಣೆಗೆ ಬಂದ ಮೊದಲ ವರ್ಷ, ಅಂದರೆ 1930ರಲ್ಲಿ, ಅದು ಭಾನುವಾರವೇ ಆಗಿತ್ತು. ರಜೆ ಕೊಡುವ ಅಧಿಕಾರ ಕೈಯಲ್ಲಿಲ್ಲದವರು ಹೇಗಿದ್ದರೂ ರಜೆ ಇರುವ ದಿನವನ್ನು ಹಿಡಿದುಕೊಂಡರು. ಸರ್ಕಾರದ ಆದೇಶ ಬಂದದ್ದು ಇಪ್ಪತ್ತು ವರ್ಷ ಕಳೆದ ಮೇಲೆ.

ಆ ಇಪ್ಪತ್ತು ವರ್ಷವೇ ಈ ಪ್ರಕರಣ. ಯಾವ ಗೆಜೆಟ್ಟಿನಲ್ಲೂ ಇಲ್ಲದ, ಆಚರಿಸಿದರೆ ಲಾಠಿಯೋ ಜೈಲೋ ಕಾದಿದ್ದ ಒಂದು ತಾರೀಖನ್ನು ಸಾಮಾನ್ಯ ಜನ ಇಷ್ಟು ಕಾಲ ಹೇಗೆ ಉಳಿಸಿಕೊಂಡರು? ದೆಹಲಿಯ ಕಡೆಯಿಂದ ಈ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಮೈಸೂರು ಸಂಸ್ಥಾನದ ಪ್ರಜೆಯ ಕಡೆಯಿಂದ, ಅದರಲ್ಲೂ ಮದ್ದೂರು ಸೀಮೆಯ ಶಿವಪುರದಿಂದ ನೋಡಿದರೆ ಅದು ಬೇರೆಯೇ ಕಾಣುತ್ತದೆ. ಇಲ್ಲಿನವರು ಬ್ರಿಟಿಷರ ಜೊತೆಗೆ ಅರಮನೆಯ ಆಡಳಿತವನ್ನೂ ಎದುರಿಸಬೇಕಿತ್ತು.

ಪಂಚಾಂಗ ಅರಮನೆಯದು

ಸಂಸ್ಥಾನದ ಕಾಲದಲ್ಲಿ ಮೈಸೂರಿನಲ್ಲಿ ದೊಡ್ಡ ದಿನ ಎಂದರೆ ಎರಡು: ದಸರಾ ಮತ್ತು ಮಹಾರಾಜರ ವರ್ಧಂತಿ. ಇವು ಬರೀ ಹಬ್ಬಗಳಾಗಿರಲಿಲ್ಲ, ರಾಜ್ಯದ ರಾಜಕೀಯವೂ ಇವುಗಳ ಸುತ್ತಲೇ ಸುತ್ತುತ್ತಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆ ಸೇರುತ್ತಿದ್ದದ್ದು ದಸರಾದ ಹೊತ್ತಿಗೆ. ಮುಂದೆ ವರ್ಧಂತಿಯ ಹೊತ್ತಿಗೆ ಇನ್ನೊಂದು ಅಧಿವೇಶನ ಸೇರಿತು. ರೈತ ತನ್ನ ಕಷ್ಟ ಹೇಳಿಕೊಳ್ಳಬೇಕಾದರೂ ಅರಮನೆಯ ಸಂಭ್ರಮದ ದಿನಕ್ಕೆ ಕಾಯಬೇಕಿತ್ತು. ಇದನ್ನು ಹಂಗಿಸಲು ಹೇಳುತ್ತಿಲ್ಲ, ಆ ಕಾಲಕ್ಕೆ ಬೇರೆ ಸಂಸ್ಥಾನಗಳಲ್ಲಿ ಅಷ್ಟೂ ಇರಲಿಲ್ಲ. ಆದರೆ ಜನ ತಾವೇ ಆರಿಸಿಕೊಂಡು ತಾವೇ ನಡೆಸುವ ದಿನ ಎಂಬುದೊಂದು ಇಲ್ಲಿಗೆ ಹೊಸದು.

1930: ಹೇಳಿದ್ದು ಕಡಿಮೆ, ಮಾಡಬೇಕಾದದ್ದು ಹೆಚ್ಚು

1929ರ ಡಿಸೆಂಬರ್ ಕೊನೆಯಲ್ಲಿ ಲಾಹೋರಿನಲ್ಲಿ, ರಾವಿ ನದಿಯ ದಂಡೆಯ ಮೇಲೆ, ಜವಾಹರಲಾಲ್ ನೆಹರೂ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. ಹೊಸ ವರ್ಷದ ಎರಡನೇ ದಿನ ಕಾರ್ಯಕಾರಿ ಸಮಿತಿ ಸೇರಿ, ಜನವರಿಯ ಕೊನೆಯ ಭಾನುವಾರ, 26ರಂದು, ದೇಶವೆಲ್ಲ ಸ್ವಾತಂತ್ರ್ಯ ದಿನ ಆಚರಿಸಲಿ ಎಂದು ಗೊತ್ತುಮಾಡಿತು. ತಯಾರಿಗೆ ಸಿಕ್ಕಿದ್ದು ಮೂರೂವರೆ ವಾರ. ರೇಡಿಯೋ ಇನ್ನೂ ಮನೆಗಳಿಗೆ ಬಂದಿರಲಿಲ್ಲ. ಪತ್ರಿಕೆ ಹಳ್ಳಿಗೆ ತಲುಪುವಷ್ಟರಲ್ಲಿ ಹಳೆಯದಾಗಿರುತ್ತಿತ್ತು.

ಆದರೂ ದಿನ ನಿಂತಿತು. ನನ್ನ ಮಟ್ಟಿಗೆ ಇದಕ್ಕೆ ಕಾರಣ, ಅಂದು ಏನು ಮಾಡಬೇಕು ಎನ್ನುವುದನ್ನು ಬಹಳ ಸಣ್ಣದಾಗಿ ಇಟ್ಟದ್ದು. ಬೆಳಿಗ್ಗೆ ಬಾವುಟ ಏರಿಸುವುದು, ಹಗಲು ನೂಲುವುದು ಅಥವಾ ಊರಿಗೆ ಉಪಯೋಗವಾಗುವ ಕೆಲಸ ಮಾಡುವುದು, ಸಂಜೆ ಸೇರಿ ಪ್ರತಿಜ್ಞೆ ಓದಿ ಕೈ ಎತ್ತಿ ಒಪ್ಪುವುದು. ಭಾಷಣ ಬೇಡ ಎಂದು ಗಾಂಧೀಜಿ ಹೇಳಿದ್ದರು. ಸಭೆ ಎಂದರೆ ಭಾಷಣ ಎಂದು ನಂಬಿರುವ ನಮ್ಮಂಥವರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಭಾಷಣ ಬೇಡವೆಂದ ಮೇಲೆ ಭಾಷಣಕಾರ ಬೇಕಿಲ್ಲ. ಪಟ್ಟಣದಿಂದ ಮುಖಂಡರು ಬರಲಿ ಎಂದು ಕಾಯಬೇಕಿಲ್ಲ. ಓದು ಬಲ್ಲವನೊಬ್ಬ ಊರಿನಲ್ಲಿದ್ದರೆ ಸಾಕು.

ಓದಬೇಕಾದ ಪ್ರತಿಜ್ಞೆಯಲ್ಲಿದ್ದದ್ದೂ ದೊಡ್ಡ ಮಾತುಗಳಷ್ಟೇ ಅಲ್ಲ. ಜನರ ಸರಾಸರಿ ವರಮಾನ ದಿನಕ್ಕೆ ಏಳು ಪೈಸೆ, ತೆರಿಗೆಯಲ್ಲಿ ಶೇಕಡಾ 20ರಷ್ಟು ರೈತರಿಂದ ಬರುವ ಭೂಕಂದಾಯ, ಶೇಕಡಾ 3ರಷ್ಟು ಬಡವರ ಮೇಲೆ ಬೀಳುವ ಉಪ್ಪಿನ ತೆರಿಗೆ, ನೂಲುವಂಥ ಹಳ್ಳಿ ಕಸುಬು ಹಾಳಾಗಿ ರೈತ ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂರುತ್ತಿದ್ದಾನೆ ಎನ್ನುವ ಆರೋಪ ಇವೆಲ್ಲ ಅದರಲ್ಲಿದ್ದವು. ಕೇಳುವವನು ತನ್ನ ಮನೆಯ ಲೆಕ್ಕವನ್ನೇ ಕೇಳುತ್ತಿದ್ದ.

ಮರುವರ್ಷ ಜನವರಿ 26 ಸೋಮವಾರ ಬಂತು, ಅದರ ಮುಂದಿನ ವರ್ಷ ಮಂಗಳವಾರ. ನಿಜವಾದ ಪರೀಕ್ಷೆ ಅಲ್ಲಿಂದ. ಕೆಲಸದ ದಿನ ಬಾವುಟದ ಕೆಳಗೆ ನಿಲ್ಲುವವನು ಕೂಲಿ ಬಿಡಬೇಕು, ವಿದ್ಯಾರ್ಥಿ ತರಗತಿ ಬಿಡಬೇಕು, ಸರ್ಕಾರಿ ನೌಕರನಾದರೆ ಕೆಲಸಕ್ಕೇ ಕುತ್ತು. 1932ರ ಹೊತ್ತಿಗೆ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ಸೇ ಕಾನೂನುಬಾಹಿರವಾಗಿತ್ತು. ಆದರೂ ತಾರೀಖನ್ನು ಅನುಕೂಲ ನೋಡಿ ಮತ್ತೆ ಭಾನುವಾರಕ್ಕೆ ಜಾರಿಸಲಿಲ್ಲ. ಇಡೀ ಪ್ರಕರಣದಲ್ಲಿ ಯಾರೂ ಎದ್ದು ಹೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ ಇದು ಎಂದು ನನಗೆ ತೋರುತ್ತದೆ.

ಮೈಸೂರಿನ ತೊಡಕು

ಪ್ರತಿಜ್ಞೆ ಬರೆದದ್ದು ಬ್ರಿಟಿಷ್ ಸರ್ಕಾರವನ್ನು ಎದುರಿಗಿಟ್ಟುಕೊಂಡು. ಮೈಸೂರಿನ ರೈತನ ಕಂದಾಯ ಹೋಗುತ್ತಿದ್ದದ್ದು ಮಹಾರಾಜರ ಖಜಾನೆಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಮೇಲೆ ಜನಕ್ಕೆ ದ್ವೇಷವಿರಲಿಲ್ಲ. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಬಯಲಿಗೆ ಹರಿಯತೊಡಗಿದ್ದ ಕಾಲ ಅದು, ಸಕ್ಕರೆ ಕಾರ್ಖಾನೆಯೂ ಅದೇ ದಶಕದಲ್ಲಿ ಎದ್ದಿತು. ಹಾಗೆಂದು ಎಲ್ಲವೂ ಸೊಗಸಾಗಿತ್ತು ಎಂದಲ್ಲ, ಇರ್ವಿನ್ ನಾಲೆಯ ನೀರಿನ ದರದ ವಿಚಾರದಲ್ಲಿ ಈ ಭಾಗದ ರೈತರು 1930ರ ದಶಕದ ಆರಂಭದಲ್ಲೇ ಸಂಘಟಿತರಾಗಿ ದನಿ ಎತ್ತಿದ್ದರು. ಆದರೆ ‘ಪರಂಗಿಯವರನ್ನು ಓಡಿಸಿ’ ಎಂಬ ಮಾತಿಗೆ ಇಲ್ಲಿ ಎದುರಾಳಿಯ ಮುಖ ಸ್ಪಷ್ಟವಿರಲಿಲ್ಲ. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರವರೆಗೆ. ದಕ್ಷ ಆಡಳಿತಗಾರ, ಊರುಗಳನ್ನು ಅಂದಗಾಣಿಸಿದವರು. ಚಳವಳಿಯ ವಿಷಯದಲ್ಲಿ ಮಾತ್ರ ಬಿಗಿ.

1937ರಲ್ಲಿ ಪ್ರಜಾ ಪಕ್ಷದ ಕಡೆಯವರು ಕಾಂಗ್ರೆಸ್ಸನ್ನು ಸೇರಿದ ಮೇಲೆ ಚಿತ್ರ ಬದಲಾಯಿತು. ಅಲ್ಲಿಯವರೆಗೆ ಹೆಚ್ಚಾಗಿ ನಗರದ ವಕೀಲರು, ಖಾದಿ ಕಾರ್ಯಕರ್ತರು, ವಿದ್ಯಾರ್ಥಿಗಳ ಮಾತಾಗಿದ್ದ ಕಾಂಗ್ರೆಸ್ಸಿಗೆ ಗ್ರಾಮಾಂತರದ ಒಕ್ಕಲು ಮನೆಗಳ ಬಾಗಿಲು ತೆರೆಯಿತು. ಅಷ್ಟರಲ್ಲೇ ಅಧಿಕಾರಿಗಳು ಬಾವುಟದ ಮೇಲೆ ಕಣ್ಣಿಟ್ಟರು. ಸಂಸ್ಥಾನದಲ್ಲಿ ಸಂಸ್ಥಾನದ ಬಾವುಟವಿರುವಾಗ ಚರಕದ ತ್ರಿವರ್ಣ ಬಾವುಟ ಏರಿಸುವುದು ರಾಜನಿಷ್ಠೆಗೆ ಸಲ್ಲದು ಎಂಬುದು ಅವರ ವಾದ.

ಇಲ್ಲಿ ಗಂಟು ಬಿತ್ತು. ಬಾವುಟ ಏರಿಸಿ ಶುರುವಾಗಬೇಕಾದ ದಿನವನ್ನು ಬಾವುಟವಿಲ್ಲದೆ ಆಚರಿಸುವುದು ಹೇಗೆ? ಜನವರಿ 26ಕ್ಕೆ ಮೈಸೂರಿನಲ್ಲಿ ಜಾಗ ಸಿಗಬೇಕಾದರೆ ಮೊದಲು ಬಾವುಟದ ಪ್ರಶ್ನೆ ತೀರಬೇಕಿತ್ತು.

ಶಿವಪುರ, ಏಪ್ರಿಲ್ 1938

ಅದೇ ವರ್ಷದ ಫೆಬ್ರುವರಿಯಲ್ಲಿ ಹರಿಪುರ ಕಾಂಗ್ರೆಸ್, ಸಂಸ್ಥಾನಗಳ ಒಳಗಿನ ಹೋರಾಟವನ್ನು ಅಲ್ಲಿನ ಜನರೇ ತಮ್ಮ ಬಲದಿಂದ ನಡೆಸಬೇಕು ಎಂಬ ನಿಲುವು ತಳೆದಿತ್ತು. ಅಂದರೆ ವಾರ್ಧಾದಿಂದಲೋ ದೆಹಲಿಯಿಂದಲೋ ಯಾರೂ ಬಂದು ಜೈಲಿಗೆ ಹೋಗುವುದಿಲ್ಲ. ಮೈಸೂರಿನವರೇ ಹೋಗಬೇಕು.

ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಆರಿಸಿದ ಜಾಗ ಮದ್ದೂರಿನ ಪಕ್ಕದ ಶಿವಪುರ, ಶಿಂಷಾ ನದಿಯ ಬಳಿ. ಬೆಂಗಳೂರು–ಮೈಸೂರು ರಸ್ತೆ ಅಲ್ಲೇ, ರೈಲು ನಿಲ್ದಾಣವೂ ಹತ್ತಿರ. ಆಗ ಮಂಡ್ಯ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ, 1939ರಲ್ಲಿ ಆಯಿತು. ಮದ್ದೂರು ಮೈಸೂರು ಜಿಲ್ಲೆಗೇ ಸೇರಿತ್ತು. ಜಾಗ ಕೊಟ್ಟವರು ತಿರುಮಲೇಗೌಡರು, ತಮ್ಮ ಹೊಲವನ್ನೇ ಬಿಟ್ಟುಕೊಟ್ಟರು. ಸರ್ಕಾರದ ಕೆಂಗಣ್ಣು ಬಿದ್ದ ಸಭೆಗೆ ಜಮೀನು ಕೊಡುವುದೆಂದರೆ ಮುಂದೆ ಶಾನುಭೋಗರಿಂದ ಅಮಲ್ದಾರರವರೆಗೆ ಎಲ್ಲರ ಕೋಪಕ್ಕೂ ತಲೆಯೊಡ್ಡುವುದು. ಭಾಷಣ ಮಾಡಿದವರ ಹೆಸರು ಪುಸ್ತಕಗಳಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ, ಹೊಲ ಕೊಟ್ಟವರದ್ದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಪ್ರಕರಣವಾಗಿ ನೋಡಿದರೆ ಎರಡನೆಯದೇ ತೂಕದ್ದು. ಬಾವುಟಕ್ಕೆ ಕಂಬ ಬೇಕು, ಕಂಬಕ್ಕೆ ನೆಲ ಬೇಕು.

ಬಾವುಟ ಏರಿಸಕೂಡದೆಂದು ನಿಷೇಧಾಜ್ಞೆ ಬಂತು. ಏಪ್ರಿಲ್ 11ರಂದು ಅಧಿವೇಶನದ ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯ ಬಾವುಟ ಏರಿಸಿದರು, ಬಂಧನವಾಯಿತು. ಅವರ ಹಿಂದೆ ಎಂ.ಎನ್. ಜೋಯಿಸ್. ಹಾಗೇ ಒಬ್ಬರ ಹಿಂದೆ ಒಬ್ಬರು ಬಾವುಟ ಏರಿಸುವುದು, ಪೊಲೀಸರು ಹಿಡಿಯುವುದು. ಸುತ್ತಮುತ್ತಲ ಹಳ್ಳಿಗಳಿಂದ ಸಾವಿರಾರು ಜನ ಗಾಡಿ ಕಟ್ಟಿಕೊಂಡೂ ನಡೆದೂ ಬಂದರು. ಮೂರು ದಿನಗಳ ಅಧಿವೇಶನ ಮುಗಿದ ಮೇಲೂ ಬಾವುಟದ ಕಿಚ್ಚು ಆರಲಿಲ್ಲ, ಊರೂರಿನಲ್ಲಿ ಧ್ವಜ ಸತ್ಯಾಗ್ರಹ ಶುರುವಾಯಿತು.

ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಜಾತ್ರೆಗೆಂದು ಬಂದ ಜನರಿದ್ದ ಕಡೆ ಬಾವುಟದ ಸಭೆ ಸೇರಿತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಎಂದು ಸರ್ಕಾರ ಹೇಳಿತು, ಮೂವತ್ತನ್ನು ದಾಟಿತ್ತೆಂದು ಜನ ಹೇಳಿದರು. ಸುದ್ದಿ ಸಂಸ್ಥಾನದ ಗಡಿ ದಾಟಿತು. ಮೇ ತಿಂಗಳಲ್ಲಿ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನರ ಜೊತೆ ಮಾತನಾಡಿದರು. ಮಿರ್ಜಾ–ಪಟೇಲ್ ಒಪ್ಪಂದ ಎಂದು ಹೆಸರಾದ ಆ ಮಾತುಕತೆಯಲ್ಲಿ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸೆರೆಯಲ್ಲಿದ್ದವರ ಬಿಡುಗಡೆಗೆ ದಾರಿಯಾಯಿತು. ಬಾವುಟದ ವಿಷಯದಲ್ಲಿ ಆದದ್ದು ರಾಜಿ: ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟದ ಜೊತೆಗೆ ತ್ರಿವರ್ಣ ಬಾವುಟವೂ ಹಾರಬಹುದು.

ಇದನ್ನು ಅರೆಗೆಲುವು ಎಂದು ಆಗಲೇ ಗೊಣಗಿದವರಿದ್ದರು, ಅವರ ಸಿಟ್ಟಿಗೂ ಅರ್ಥವಿದೆ. ಆದರೆ ಶಿವಪುರಕ್ಕೆ ಮೊದಲು ಬಾವುಟ ಹಿಡಿದವನು ಅಪರಾಧಿ, ಒಪ್ಪಂದದ ಮೇಲೆ ಅವನು ಸಭೆ ನಡೆಸುವ ಪ್ರಜೆ. ಶಿವಪುರದ ಗಲಾಟೆ ನಡೆದದ್ದು ಏಪ್ರಿಲ್‌ನಲ್ಲಾದರೂ ಸಂಸ್ಥಾನದೊಳಗೆ ಜನವರಿ 26ರ ದಾರಿ ಬಿಡಿಸಿಕೊಟ್ಟದ್ದು ಅದೇ.

ಆಗಸ್ಟ್ 15 ಬಂದು ಹೋದ ಮೇಲೆ

1947ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಅಧಿಕಾರ ಹಸ್ತಾಂತರಕ್ಕೆ ಮೌಂಟ್‌ಬ್ಯಾಟನ್ ಆಗಸ್ಟ್ 15ನ್ನು ಆರಿಸಿದರು. ಹದಿನೇಳು ವರ್ಷ ಸ್ವಾತಂತ್ರ್ಯ ದಿನವೆಂದು ಕೈ ಎತ್ತಿ ಪ್ರತಿಜ್ಞೆ ಮಾಡಿದ್ದ ಜನವರಿ 26, ಸ್ವಾತಂತ್ರ್ಯ ಬಂದ ದಿನವೇ ಕೆಲಸ ಕಳೆದುಕೊಂಡಿತು.

ಮೈಸೂರಿನಲ್ಲಿ ಇನ್ನೂ ಒಂದು ಗಂಟಿತ್ತು. ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಲು ಆಗಸ್ಟ್‌ನಲ್ಲೇ ಒಪ್ಪಿತ್ತು, ಆದರೆ ಜವಾಬ್ದಾರಿ ಸರ್ಕಾರ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರ, ಮಾತ್ರ ಕೊಟ್ಟಿರಲಿಲ್ಲ. ದಿವಾನರು ಆಗ ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾಯಿತು. ಮೈಸೂರು ನಗರದಲ್ಲಿ ಸುಬ್ಬರಾಯನಕೆರೆ ಮೈದಾನ ಸತ್ಯಾಗ್ರಹಿಗಳ ಅಡ್ಡೆಯಾಯಿತು, ಶಾಲಾ ಕಾಲೇಜುಗಳ ಹುಡುಗರು ಬೀದಿಗಿಳಿದರು. ಅದೇ ತಿಂಗಳು ನಡೆದ ಗೋಲಿಬಾರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಸತ್ತ. ಇವತ್ತು ಸಿಟಿ ಬಸ್ಸಿನಲ್ಲಿ ‘ರಾಮಸ್ವಾಮಿ ಸರ್ಕಲ್’ ಎಂದು ಕೂಗಿದಾಗ ಇಳಿಯುವ ಎಷ್ಟು ಜನಕ್ಕೆ ಆ ರಾಮಸ್ವಾಮಿ ದಿವಾನರಲ್ಲ, ದಿವಾನರ ಕಾಲದಲ್ಲಿ ಗುಂಡು ತಿಂದ ಹುಡುಗ ಎಂದು ಗೊತ್ತೋ ತಿಳಿಯದು. ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ತಿಂಗಳಾಗಿತ್ತು ಎಂಬುದನ್ನು ಗಮನಿಸಬೇಕು.

ಅಕ್ಟೋಬರ್ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿ ನೇತೃತ್ವದ ಮಂತ್ರಿಮಂಡಲ ಬಂತು. 

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಸಂವಿಧಾನ ಸಭೆ 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. ಪೌರತ್ವದಂಥ ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು. ಉಳಿದದ್ದನ್ನು ಎರಡು ತಿಂಗಳು ತಡೆದು 1950ರ ಜನವರಿ 26ರಿಂದ ಜಾರಿಗೊಳಿಸಿದರು. ಆಡಳಿತದ ಅನುಕೂಲವೊಂದೇ ನೋಡಿದ್ದರೆ ಜನವರಿ 1 ಆಗಬಹುದಿತ್ತು, ಹಣಕಾಸು ವರ್ಷಕ್ಕೆ ಹೊಂದಿಸಿ ಏಪ್ರಿಲ್ 1 ಆಗಬಹುದಿತ್ತು. ಜನ ಆಗಲೇ ಇಟ್ಟುಕೊಂಡಿದ್ದ ದಿನಕ್ಕೆ ಕಾನೂನನ್ನು ತಂದು ಕೂರಿಸಿದರು. ಅಂದು ಗುರುವಾರ. ಜಯಚಾಮರಾಜ ಒಡೆಯರ್ ಅಂದಿನಿಂದ ಮೈಸೂರಿನ ರಾಜಪ್ರಮುಖರು, ಅಂದರೆ ರಾಜ್ಯಪಾಲರಂಥ ಹುದ್ದೆಯವರು. ವರ್ಧಂತಿಯ ಸುತ್ತ ಸುತ್ತುತ್ತಿದ್ದ ಊರಿನಲ್ಲಿ ಅರಸರ ಹೊಸ ಹುದ್ದೆಯೇ ಜನರ ತಾರೀಖಿನಿಂದ ಶುರುವಾಯಿತು.

ಬೇರೆಡೆ ಹೇಗೆ

ಪ್ರಕರಣದ ತೂಕ ಗೊತ್ತಾಗಬೇಕಾದರೆ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಅಮೆರಿಕದ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ 1865ರ ಜೂನ್ 19ರಂದು ಗುಲಾಮಗಿರಿ ಮುಗಿಯಿತೆಂದು ಸೇನಾಧಿಕಾರಿ ಘೋಷಿಸಿದ. ಬಿಡುಗಡೆಯಾದ ಜನ ಆ ದಿನವನ್ನು ಜೂನ್‌ಟೀನ್ತ್ ಎಂದು ತಾವೇ ಆಚರಿಸಿಕೊಂಡು ಬಂದರು. ಹೂಸ್ಟನ್‌ನಲ್ಲಿ 1872ರಲ್ಲಿ ಹಣ ಒಟ್ಟುಮಾಡಿ ಹತ್ತು ಎಕರೆ ಜಮೀನನ್ನೇ ಕೊಂಡರು, ಈ ಆಚರಣೆಗೆಂದು. ಅಲ್ಲೂ ನೆಲದ ಪ್ರಶ್ನೆ ಮೊದಲು ಬಂತು. ಟೆಕ್ಸಾಸ್ ರಾಜ್ಯ ರಜೆ ಕೊಟ್ಟದ್ದು 1980ರಿಂದ. ಓಪಲ್ ಲೀ ಎಂಬ ನಿವೃತ್ತ ಶಿಕ್ಷಕಿ 2016ರಲ್ಲಿ, ತಮ್ಮ 89ನೇ ವಯಸ್ಸಿನಲ್ಲಿ, ರಾಷ್ಟ್ರೀಯ ರಜೆ ಕೇಳಲು ಫೋರ್ಟ್ ವರ್ತ್‌ನಿಂದ ವಾಷಿಂಗ್ಟನ್ ಕಡೆಗೆ ನಡೆಯಲು ಹೊರಟರು. ಕಾನೂನಿಗೆ ಸಹಿ ಬಿದ್ದದ್ದು 2021ರ ಜೂನ್ 17ರಂದು. ಆಚರಣೆಗೂ ಆದೇಶಕ್ಕೂ ನಡುವೆ ಒಂದೂವರೆ ಶತಮಾನ. ನಮ್ಮ ಇಪ್ಪತ್ತು ವರ್ಷ ಅದರ ಮುಂದೆ ಬಹಳ ಅಲ್ಲ. ಇಲ್ಲಿ ದಿನ ಆಚರಿಸಿದವರೇ ಮುಂದೆ ಸರ್ಕಾರವಾದರು, ಅಲ್ಲಿ ಹಾಗಾಗಲಿಲ್ಲ.

ಒಮ್ಮೆ ಕೊಟ್ಟ ರಜೆ ಉಳಿದೇ ಉಳಿಯುತ್ತದೆ ಎಂದೂ ಇಲ್ಲ. ಜಯಂತಿ, ಪುಣ್ಯತಿಥಿಗಳ ಹೆಸರಿನ 15 ರಜೆಗಳನ್ನು ಉತ್ತರ ಪ್ರದೇಶ 2017ರಲ್ಲಿ ಒಂದೇ ಸಲಕ್ಕೆ ರದ್ದುಮಾಡಿತು. ದಾದ್ರಾ ಮತ್ತು ನಗರ ಹವೇಲಿಯಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದ ನೆನಪಿನ ಆಗಸ್ಟ್ 2ರ ರಜೆಯನ್ನು ದಶಕಗಳ ನಂತರ ಕೈಬಿಟ್ಟಾಗ ಒಬ್ಬರು ಬಾಂಬೆ ಹೈಕೋರ್ಟಿಗೆ ಹೋದರು. ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲ, ಈಗಿರುವ ರಜೆಗಳೇ ಹೆಚ್ಚಾಗಿವೆ ಎಂದು ನ್ಯಾಯಾಲಯ 2022ರಲ್ಲಿ ಅರ್ಜಿ ವಜಾ ಮಾಡಿತು.

ನಮ್ಮ ಮಂಡ್ಯ, ಮೈಸೂರಿನಲ್ಲೂ ಯಾವುದಾದರೂ ದಿನಕ್ಕೆ ರಜೆ ಬೇಕೆಂದು ಮನವಿ ಬರೆಯುವವರಿಗೆ ಬರವಿಲ್ಲ. ಹೆಚ್ಚಿನವರು ತಹಸೀಲ್ದಾರ್ ಕಚೇರಿ ಮುಂದೆ ಫೋಟೊ ತೆಗೆಸಿಕೊಳ್ಳುವುದರೊಂದಿಗೆ ಮುಗಿಸುತ್ತಾರೆ. ರಜೆ ಘೋಷಿಸುವ ಅಧಿಕಾರ ತಾಲ್ಲೂಕಿನಲ್ಲಿಲ್ಲ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಸೆಕ್ಷನ್ನಿನಡಿ ಕೇಂದ್ರಕ್ಕಿರುವ ಅಧಿಕಾರವನ್ನು ರಾಜ್ಯಗಳಿಗೆ ವಹಿಸಿದ್ದಾರೆ, ನಮ್ಮಲ್ಲಿ ಪಟ್ಟಿ ಹೊರಡಿಸುವುದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ. ಸಾರ್ವತ್ರಿಕ ರಜೆ ಸಿಗದಿದ್ದರೆ, ನೌಕರ ತನಗೆ ಬೇಕಾದ ಕೆಲವನ್ನು ಆರಿಸಿಕೊಳ್ಳುವ ಪರಿಮಿತ ರಜೆಯ ಪಟ್ಟಿ ಇದೆ. ಒಂದೇ ಜಿಲ್ಲೆಗೆ ರಜೆ ಕೊಡುವ ಪದ್ಧತಿಯೂ ಇದೆ: ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಕೊಡಗಿನಲ್ಲಿ ಮಾತ್ರ ರಜೆ. ಅಲ್ಲಿನವರು ಆ ದಿನಗಳನ್ನು ಕಾಗದದ ಮೇಲೆ ಕೇಳುವ ಎಷ್ಟೋ ಮೊದಲು ಮನೆಯಲ್ಲಿ ಮಾಡಿಕೊಂಡು ಬಂದಿದ್ದರು. ಹಾಗೆ ನೋಡಿದರೆ ಏಪ್ರಿಲ್ 11ಕ್ಕೆ ಮಂಡ್ಯ ಜಿಲ್ಲೆಯಲ್ಲಿ ರಜೆ ಕೇಳಲು ಅಡ್ಡಿಯಿಲ್ಲ. ಆದರೆ ಅಂದು ಶಿವಪುರದ ಸತ್ಯಾಗ್ರಹ ಸೌಧದ ಮುಂದೆ ನಮ್ಮಲ್ಲಿ ಎಷ್ಟು ಜನ ಹೋಗಿ ನಿಲ್ಲುತ್ತೇವೆ ಎಂಬುದನ್ನು ಅರ್ಜಿ ಬರೆಯುವ ಮೊದಲು ಕೇಳಿಕೊಳ್ಳಬೇಕು.

ಕೂಲಿಯ ಲೆಕ್ಕ

ಕೆಲಸ ಬಿಟ್ಟು ಬಾವುಟದ ಕೆಳಗೆ ನಿಂತವನು ಅಂದಿನ ಕೂಲಿ ಕಳೆದುಕೊಳ್ಳುತ್ತಿದ್ದ ಎಂದೆ. ಅದನ್ನು ಸರಿಪಡಿಸಿದ್ದು 1950ರ ಸಮಾರಂಭವಲ್ಲ. ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇದ್ದ 1963ರಲ್ಲಿ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಬಂತು. ಅದರ ಪ್ರಕಾರ ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಸಂಬಳಸಹಿತ ರಜೆ. ಮೇ 1, ನವೆಂಬರ್ 1 ಕೂಡ ಇಂದು ಆ ಪಟ್ಟಿಯಲ್ಲಿವೆ. ಅಂದು ಕೆಲಸಕ್ಕೆ ಕರೆದರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಅಂದಿನ ಕೂಲಿಯ ಜೊತೆಗೆ ಬದಲಿ ರಜೆ. ಮಂಡ್ಯದ ಸಕ್ಕರೆ ಕಾರ್ಖಾನೆಯೊಳಗೆ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನಿಗೆ ಈ ಹಕ್ಕು ಇದೆ. ಅದೇ ಕಾರ್ಖಾನೆಗೆ ಕಬ್ಬು ಕಡಿದು ಲಾರಿಗೆ ತುಂಬುವ ಹೊಲದ ಕೂಲಿಯವರು ಕಾಯ್ದೆಯ ಹೊರಗಿದ್ದಾರೆ. ಜನವರಿ 26ರಂದು ಅವರು ಗದ್ದೆಗೆ ಇಳಿದರಷ್ಟೇ ಕೂಲಿ.